ಮಾರಾಟಕ್ಕಲ್ಲ

ಕುಕ್ಕರಿನ ಹೊಟ್ಟೆಗೆ ಅಂಟಿಸಿದ್ದರು:
'ಉಚಿತ ಬಹುಮಾನ. ಮಾರಾಟಕ್ಕಲ್ಲ.'
ಕೊಬ್ಬರಿ ಎಣ್ಣೆ ಸವರಿ ಉಗುರಲ್ಲಿ ಕೆರೆದು
ಒಂದು ಮಧ್ಯಾಹ್ನವೆಲ್ಲ ಸುಲಿದೆ.
ಕಡೆಯ 'ಲ್ಲ' ಮಾತ್ರ ಬಿಡಲಿಲ್ಲ.

ಶಿಡ್ಲಘಟ್ಟದ ಪಾತ್ರೆ ಅಂಗಡಿಯಲ್ಲಿ
ಐನೂರರ ವ್ಯಾಪಾರಕ್ಕೊಂದು ಚೀಟಿ.
ನನ್ನದೊಂದು. ಇನ್ನೊಂದು ಪಕ್ಕದ ಮನೆಯ ಹಾಜಿರಾಳದು.
'ಅದೃಷ್ಟದ ಆಟ ನಮಗಾಗದು ಅಕ್ಕಾ,
ನೀನೇ ಹಾಕ್ಕೋ' ಅಂದಿದ್ದಳು.
ಎರಡಕ್ಕೂ ನನ್ನ ಹೆಸರೇ ಬರೆದೆ.
ಗೆದ್ದ ಚೀಟಿ ಯಾವುದು?
ನಂಬರು ನೋಡಬಹುದಿತ್ತು.
ನೋಡಲಿಲ್ಲ.

ಕೊಂಡವಳೂ ಅವಳೇ.
ಅಂಗಡಿಯ ಬೆಲೆಗಿಂತ ಇನ್ನೂರು ಕಮ್ಮಿ;
ನನಗದು ಧಾರಾಳ ಅನ್ನಿಸಿತ್ತು.
ರೇಷ್ಮೆಗೂಡಿನ ಬಿಸಿನೀರಲ್ಲಿ ಬೆಂದ ಬೆರಳಿಗೆ
ನೋಟುಗಳು ಅಂಟಿಕೊಳ್ಳುತ್ತಿದ್ದವು,
ಒಂದೊಂದೇ ಬಿಡಿಸಿ ಎಣಿಸಿದಳು.
'ದುಡ್ಡು ಕೊಟ್ಟೆ ನೋಡು, ಈಗ ನನ್ನದು,'
ನಕ್ಕಳು. ಆ 'ಲ್ಲ'ದ ಮೇಲೆ
ಸೆರಗಿನಿಂದ ಒಮ್ಮೆ ಒರೆಸಿದಳು, ಕೊಳೆಯೆಂದು.

ಗೋಡೆಯಾಚೆ ದಿನಾ ಸೀಟಿ.
ಮೂರು ಕೂಗಿಗೆ ಒಲೆ ಆರಿಸುತ್ತಾಳೆ,
ನಾನಿಲ್ಲಿ ಎಣಿಸುತ್ತೇನೆ.

ಮೊನ್ನೆ ಅದರಲ್ಲೇ ಬೇಯಿಸಿದ ಅವರೇಕಾಳು
ಒಂದು ಬಟ್ಟಲು ಕಳಿಸಿದ್ದಳು, ಮಗನ ಕೈಲಿ.
ತಿಂದೆವು. ರುಚಿಯಾಗಿತ್ತು.
ಬರೀ ಬಟ್ಟಲು ಹಿಂದಿರುಗಿಸಬಾರದು,
ನಮ್ಮಲ್ಲೂ ಹಾಗೇ, ಅವರಲ್ಲೂ ಹಾಗೇ.

ತೊಳೆದಿಟ್ಟಿದ್ದೇನೆ.
ಮೂರು ದಿನವಾಯಿತು,
ಕಟ್ಟೆಯ ಮೇಲೇ ಇದೆ.