ನಡುಕಕ್ಕೆ ಲೆಕ್ಕವಿಲ್ಲ

ಕಿಲು ಮೀನಿನ ತಗಡಿನ ಡಬ್ಬ, ಐದು ಕಿಲೋದ್ದು.
ಸಂತೆಯ ಹೆಂಗಸು ಪುಕ್ಕಟೆ ಕೊಟ್ಟಳು.
ಮೂರು ಸಲ ಸೋಡಾ ಹಾಕಿ ಉಜ್ಜಿದೆ. ಆದರೂ
ಒಳಗಿನ ಚಿಪ್ಪು ಬಿಸಿಯೇರಿದಾಗೆಲ್ಲ
ಸಮುದ್ರ ಒಂದಿಷ್ಟು ಮೂಗಿಗೆ ಬರುತ್ತದೆ.

ತಾರ್ತು. ಜನವರಿ.
ತಾಯಿಹೊಳೆ ಎಂದು ಕರೆಸಿಕೊಳ್ಳುವ ಹೊಳೆ
ಹೆಪ್ಪುಗಟ್ಟಿ ಮಲಗಿದೆ, ಮೇಲೆ ಹುಡುಗರ ಜಾರಾಟ.
ನೆಲಮಾಳಿಗೆಯಲ್ಲಿ ಬೆಸುಗೆಯ ಹೊಗೆ, ರಾಳದ ಘಾಟು, ನಾನು,
ಕೋಟು ಬಿಚ್ಚದೆ ಸ್ಟೂಲಿನ ತುದಿಗೆ ಕೂತ ಉರ್ವೆ,
ಅವಳ ತೊಡೆಯ ಮೇಲೆ ಕನ್ನೆಲ್, ಮೂವತ್ತಾರು ತಂತಿ.

"ನಿನ್ನ ಪೆಟ್ಟಿಗೆ ಯೋಚಿಸಿ ಮಾತಾಡುತ್ತೆ, ಲೆಂಬಿತ್.
ನಾನು ಯೋಚಿಸಿ ಮೀಟುವವಳಲ್ಲ."

ಹನ್ನೊಂದು ಮಿಲಿಸೆಕೆಂಡು.
ಅಷ್ಟರಲ್ಲಿ ದನಿ ಈ ಕೋಣೆಯ ಗೋಡೆ ಮುಟ್ಟಿರುತ್ತದೆ, ಅಷ್ಟೆ.
ಅವಳ ಕಿವಿಗೆ ಅದೂ ತೀರದ ಸಾಲ.
ಇನ್ನೂರೈವತ್ತಾರು ಅಂಕಿಗಳ ಮೂಟೆ ತುಂಬುವ ತನಕ
ಕಾದು ಹೊರುತ್ತಿದ್ದವನು
ಮೂವತ್ತೆರಡನ್ನೇ ಬೊಗಸೆಯಲ್ಲಿ
ಮೊಗೆದು ಮೊಗೆದು ಸುರಿದೆ.
ಮೂರು ವಾರ. ಕಣ್ಣು ಕೆಂಡ. ಎರಡಕ್ಕೆ ಇಳಿಯಿತು.

ಮಾರ್ದನಿಗೆ ಸಾವಿರದ ಐವತ್ತೊಂದು,
ಸಾವಿರದ ಮುನ್ನೂರ ಇಪ್ಪತ್ತೇಳು:
ಯಾವುದಕ್ಕೂ ಭಾಗವಾಗದ ಒಂಟಿ ಸಂಖ್ಯೆಗಳು,
ಒಂದರ ಹೆಜ್ಜೆಯ ಮೇಲೆ ಇನ್ನೊಂದು ಕಾಲಿಡದ ಹಾಗೆ.
ಮೀಟಿದಳು. ತಗಡಿನೊಳಗೆ
ಇಲ್ಲದ ಕಲ್ಲಿನ ಗೋಡೆಗಳು ಎದ್ದು ನಿಂತವು.
"ಹೂಂ," ಅಂದಳು.
ಉರ್ವೆಯ ಹೂಂ ಸಿಗಲು ಜನ ವರ್ಷಗಟ್ಟಲೆ ಕಾದದ್ದಿದೆ.

ಆಮೇಲೆ ಕಾಲಿನ ಗುಂಡಿ.

ಒಮ್ಮೆ ಒತ್ತಿದರೆ ಗೋಡೆ ಏಳುವುದು, ಬೀಳುವುದು, ಏಳುವುದು.
ಗುಂಡಿಯನ್ನೇ ಬೈದೆ. ಲೋಹಕ್ಕೆ ಲೋಹ ತಾಗಿದಾಗ
ಒಂದಿಷ್ಟು ಕುಣಿಯುತ್ತದೆ, ಎಲ್ಲ ಲೋಹದ ಗುಣವೇ ಅದು;
ಇಪ್ಪತ್ತು ಮಿಲಿಸೆಕೆಂಡು ಕಣ್ಣು ಮುಚ್ಚಿಕೊ ಎಂದು ಬರೆದರೆ ಸಾಕು.
ಬರೆದೆ. ಸಾಲಲಿಲ್ಲ.
ಹೊಸದು ಹಾಕಿದೆ, ಹಿತ್ತಾಳೆಯದು, ದುಬಾರಿಯದು.
ಮತ್ತೆ ಅದೇ.

ಕೊನೆಗೆ ಟಾರ್ಚು ಹಿಡಿದು ಮೇಜಿನಡಿ ತೂರಿದೆ.
ಅಲ್ಲಿ, ಉಣ್ಣೆಯ ಬೂಟಿನೊಳಗೆ,
ಅವಳ ಬಲಗಾಲು
ಇಡುವ ಮೊದಲೂ ತಾಗುತ್ತಿತ್ತು, ಇಟ್ಟ ಮೇಲೂ ತಾಗುತ್ತಿತ್ತು,
ಸೆಕೆಂಡಿಗೆ ಐದು ಸಲ. ನಾನು ಎಣಿಸಿದೆ.
ಎಣಿಸಬಾರದಿತ್ತು. ಅಭ್ಯಾಸ.

ಮೇಲಿನಿಂದ ದನಿ: "ಎಲೆ ಉದುರುವ ಹೊತ್ತಿಗೆ ಶುರುವಾಯಿತು.
ಕೈಗೆ ಇನ್ನೂ ಬಂದಿಲ್ಲ."

ಹನ್ನೊಂದನ್ನು ಎರಡು ಮಾಡಲು ನಿದ್ದೆಗೆಟ್ಟವನು
ಒಂದೇ ಗೆರೆಯಲ್ಲಿ ನಾನ್ನೂರು ಕೊಟ್ಟುಬಿಟ್ಟೆ.
ಕಾಲು ನಿಂತ ಮೇಲೆಯೇ ನಂಬು.
ಪಕ್ಕದಲ್ಲಿ, ಯಂತ್ರ ಓದದ ಜಾಗದಲ್ಲಿ, ಟಿಪ್ಪಣಿ ಬರೆದೆ:
ನಡುಕಕ್ಕೆ ಲೆಕ್ಕವಿಲ್ಲ.

ಒತ್ತಿದಳು. ಗೋಡೆ ನಿಧಾನವಾಗಿ ಎದ್ದಿತು, ತಾಳ ಜಾರಿದ ಮೇಲೆ.
ಬೈಯುತ್ತಾಳೆಂದು ಕಾದೆ.
"ಸರಿ. ಹಾಗಾದರೆ ನಾನೇ ಮುಂಚೆ ಒತ್ತುತ್ತೇನೆ."

ಫೆಬ್ರವರಿ. ಹಳ್ಳಿಯೊಂದರ ಅಗ್ನಿಶಾಮಕ ಕೊಟ್ಟಿಗೆ.
ಪಂಪಿನ ಗಾಡಿಯನ್ನು ಹಿಮಕ್ಕೆ ತಳ್ಳಿ ಬೆಂಚು ಹಾಕಿದ್ದರು.
ಎಪ್ಪತ್ತು ಜನ, ಎಪ್ಪತ್ತು ಒದ್ದೆ ಕೋಟು.
ಉರ್ವೆ ಕಾಲಿಟ್ಟಳು, ಇನ್ನೂ ಮೀಟದ ಸ್ವರಕ್ಕೆ.
ಡಬ್ಬ ಕಾಯಿತು. ನಾನೂ.
ಬೆರಳು ಇಳಿದದ್ದು, ಗೋಡೆ ಎದ್ದದ್ದು
ಯಾವುದು ಮೊದಲೋ ಹೇಳಲು ನನ್ನ ಕೈಲೂ ಆಗಲಿಲ್ಲ.

"ಎಷ್ಟು ಚುರುಕು ನಿಮ್ಮ ಪೆಟ್ಟಿಗೆ!" ಪಕ್ಕದ ಹುಡುಗ ಪಿಸುಗುಟ್ಟಿದ.
ಮುಂದಿನ ಬೆಂಚಿನಲ್ಲಿ ಯಾರೋ ಮೂಗೆತ್ತಿ
ಮೀನು ಎಲ್ಲಿ ಅಂತ ಹುಡುಕುತ್ತಿದ್ದರು.

ಡಬ್ಬದ ಬೆನ್ನಿಗೆ ಒಂದು ತಿರುಗುಗುಂಡಿ ಇಟ್ಟಿದ್ದೇನೆ.
ಹೆಸರು ಬರೆದಿಲ್ಲ. ಅವಳು ಕೇಳಿಲ್ಲ.
ಬಲಕ್ಕೆ ತಿರುಗಿಸಿದರೆ
ಇನ್ನಷ್ಟು ಕಾಯುತ್ತದೆ.