ತೊಗಟೆ

ಅಂತರಸಂತೆಯ ನರ್ಸರಿಯಲ್ಲಿ ಆಗ
ನೀರು ಹಾಕುವವನು ನಾನೇ.
ಒಂದು ಬೆಳಿಗ್ಗೆ ಜೀಪಿನಲ್ಲಿ ಬಂತು ಬೀಜದ ಚೀಲ,
ಹೆಸರಿನ ಚೀಟಿ ಮಳೆಗೆ ಕರಗಿತ್ತು.
ಹಾಕಯ್ಯ ಪುಟ್ಟಬಸವ, ಬೇಗ ಬರ್ತದೆ,
ದನ ಮುಟ್ಟಲ್ಲ, ಅಂದರು ಸಾಹೇಬರು.

ಬೇಗ ಬಂತು.
ಹೊನ್ನೆ ಎರಡೆಲೆ ಬಿಡುವಷ್ಟರಲ್ಲಿ
ಇದು ನನ್ನ ಮೊಣಕಾಲು ದಾಟಿತ್ತು.
ಹೊನ್ನೆಯ ಪಾಲಿನ ನೀರನ್ನೂ
ಇದಕ್ಕೇ ಸುರಿದೆ, ಸುಳ್ಳು ಯಾಕೆ,
ಚೆನ್ನಾಗಿ ಉಣ್ಣುವ ಮಗುವಿಗೆ ತಾನೆ
ಇನ್ನೊಂದು ತುತ್ತು ಇಕ್ಕೋದು.

ರಸ್ತೆ ಬದಿಗೆ, ಕ್ವಾರ್ಟರ್ಸ್ ಮುಂದೆ,
ಚೆಕ್‌ಪೋಸ್ಟಿನ ಎಡಕ್ಕೆ,
ನೆಟ್ಟದ್ದು ಒಟ್ಟು ನೂರಾ ನಲವತ್ತು.
ಮೊದಲ ಹೂವನ್ನು ಕೊಂಬೆ ಸಮೇತ ಮುರಿದು
ಚಪ್ಪರಕ್ಕೆ ಕಟ್ಟಿದೆ, ನನ್ನದೇ ಮದುವೆಗೆ.
ಬಣ್ಣ ಐತೆ, ವಾಸನೆ ಇಲ್ಲ,
ಅಂದಿದ್ದಳು ಹೆಣ್ಣು, ತಲೆ ಎತ್ತದೆಯೇ.

ಈಗ ಬಳ್ಳೆಯಾಚೆಗೂ ಅದೇ ಹಳದಿ.
ಕೆಳಗೆ ಹುಲ್ಲಿಲ್ಲ.
ಆನೆ ಬರುತ್ತದೆ, ಸೊಂಡಿಲು ಚಾಚಿ ಮೂಸುತ್ತದೆ,
ಹೋಗುತ್ತದೆ.

ಕುಂದಾಪುರದ ಕಡೆಯ ಹೊಸ ಫಾರೆಸ್ಟರು, ದಿನಕರ ಖಾರ್ವಿ,
ಟೀ ಆರಿಸುತ್ತಾ ಹೇಳಿದರು:
ನಮ್ಮ ಹಿನ್ನೀರಲ್ಲೂ ಹೀಗೇ ಮಾರಾಯ್ರೆ,
ಕಾಂಡ್ಲದ ಬೇರಿನ ಮಗ್ಗುಲಿಗೆ ಯಾರೋ ಗಾಳಿಮರ ನೆಟ್ಟರು,
ಏಡಿ ಹಿಡಿಯಲಿಕ್ಕೆ ಹೋದರೆ
ಬರೀ ಸೂಜಿ ಎಲೆ, ಏಡಿ ಇಲ್ಲ.
ನಾನು ಕಡಲು ಕಂಡವನಲ್ಲ.
ಏಡಿ ಇಲ್ಲ ಅನ್ನುವುದು ಮಾತ್ರ ಅರ್ಥವಾಯಿತು.

ಕಡಿದರೆ ಒಂದಕ್ಕೆ ಹತ್ತು ಚಿಗುರು.
ಅದಕ್ಕೇ ಸುಲಿಯುವುದು,
ಬುಡದಿಂದ ಎದೆಮಟ್ಟ, ಸುತ್ತಲೂ,
ಒಂದೆಳೆ ಹಸಿರೂ ಉಳಿಯದಂತೆ.
ದಿನಗೂಲಿಗೆ ಎಂಟು ಜನ.
ಹಾಡಿಯ ಬೊಮ್ಮಿಗೆ ಕೈ ಚುರುಕು, ಬಾಯಿ ಅದಕ್ಕಿಂತ:
ಇದ ನೆಟ್ಟೋನ ಕೈ ಸೇದೋಗ!
ಕೈ ಅವಳ ಪಕ್ಕದಲ್ಲೇ ಮಚ್ಚು ಮಸೆಯುತ್ತಿತ್ತು.

ಮೂರನೇ ದಿನ ಹೇಳಿಬಿಟ್ಟೆ.
ನಗಲಿಲ್ಲ, ಬೈಯಲಿಲ್ಲ,
ಬಾಯಲ್ಲಿದ್ದ ಎಲೆಅಡಿಕೆ ಉಗಿದು
ಚೆಕ್‌ಪೋಸ್ಟಿನ ಕಡೆ ಗದ್ದ ಎತ್ತಿ,
ಹಂಗಾದ್ರೆ ಆ ದೊಡ್ಡದು ನಿಂದು, ಅಂದಳು.

ಸುಲಿದೆ.
ತೊಗಟೆ ಪಟ್ಟಿ ಪಟ್ಟಿಯಾಗಿ ಬಂತು,
ಒಳಗೆ ಬೆಳ್ಳಗೆ, ಒದ್ದೆ,
ಅಂಗೈ ಇಟ್ಟರೆ ತಣ್ಣಗೆ.
ನಾನು ಹಾಕಿದ ನೀರು ಅಂತ
ಯಾಕೋ ಅನ್ನಿಸಿತು, ಮೂವತ್ತು ವರ್ಷದ ಮೇಲೆ.

ಒಣಗಲು ಎರಡು ವರ್ಷ ಬೇಕಂತೆ.
ಅಲ್ಲಿವರೆಗೆ ಹೂ ಬಿಡುತ್ತದೆ.
ಈ ಸಲವೂ ಬಿಟ್ಟಿದೆ.