ಕಿಸೆ ಇದ್ದ ಕೌದಿ

ಮಸ್ತಾನ್ ಟೇಲರನ ಅಂಗಡಿ ಹಿಂದ
ಗೊಬ್ಬರದ ಚೀಲದಾಗ ತುಂಬಿಟ್ಟ ಕತ್ರನ್
ವಾರಕ್ಕೊಮ್ಮಿ ಹೊತ್ತು ತರೂದು ನನ್ನ ಕೆಲಸ.
ಚೀಲಕ್ಕ ನಾಕು ಜೋಳದ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ:
ಅವರಿಬ್ಬರ ಲೆಕ್ಕ ಅದು, ಎಲ್ಲೂ ಬರದಿಟ್ಟದ್ದಲ್ಲ.

ಚಂದಮ್ಮತ್ತಿ ಚೀಲ ಸುರುವಿದರ
ಬೂದಿ ಬಣ್ಣದ ಶಾಬಾದಿ ಫರಸಿ ಮ್ಯಾಲ
ಇಡೀ ಓಣಿ ಬಂದು ಬೀಳತಿತ್ತು.
ಸಾಲಿ ಹುಡುಗ್ಯಾರ ನೀಲಿ, ನರ್ಸಬಾಯಿ ಬಿಳಿ,
ಪೋಸ್ಟ್ ಮಾಸ್ತರನ ಪಟ್ಟಾಪಟ್ಟಿ,
ಗಿರಣಿ ರುಕ್ಕಮ್ಮನ ಮಗಳ ನಿಶ್ಚಯದ ಕುಬಸದ್ದು
ಒಂದು ಜರಿ ಚೂರು, ಬೆರಳಗಲ.
"ತೋಳು ಬಿಗಿ ಹಿಡದಾನ, ನೋಡು, ಭಾಳ ಉಳದದ"
ಅಂತ ಕತ್ರನ್ ನೋಡಿ ಅಂಗಿ ಹೇಳತಿದ್ದಳು.

ನಳದ ನೀರಿಗಿ ಜಗಳಾಡಿ ಮಾತು ಬಿಟ್ಟ
ಸುಗಲಮ್ಮಂದು, ನೂರಜಾನಬಿದು,
ಎರಡೂ ಚೂರು ಮಗ್ಗಲಾ ಮಗ್ಗಲ ಇಟ್ಟು ಹೊಲದುಬಿಟ್ಟಾಳ.
ಇಬ್ಬರಿಗೂ ಹೇಳಿಲ್ಲ.

ಕೆಳಗ ಹಳೀ ಸೀರಿ, ಮ್ಯಾಲ ಓಣಿ.
ಅಂಚಿನಿಂದ ಶುರುವಾದ ಟಾಕಿ
ಜೋಳದ ಕಾಳಿನಷ್ಟು, ಜೋಳದ ಕಾಳಿನಷ್ಟು,
ಒಳಗ ಒಳಗ ಸುತ್ತಿ ಬರತಿತ್ತು.

ಅಳತಿಗಿ ಟೇಪಿಲ್ಲ.
"ಮಲಕೋ" ಅಂತಿದ್ದಳು ನನಗ.
ಫರಸಿ ಥಂಡಿ ಬೆನ್ನಿಗಿ ಹತ್ತತಿತ್ತು.
ಅಂಗಾಲಿನ ಮುಂದ ಒಂದು ಗೇಣು ಬಿಟ್ಟು
ಬಳಿ ಚೂರಿನಿಂದ ಗೆರಿ.
ಹಾಸಿಗಿ ಇದ್ದಷ್ಟು ಕಾಲು ಚಾಚು ಅಂತ
ನಮ್ಮ ಸಾಲಿ ಗ್ವಾಡಿ ಮ್ಯಾಲ ಬರದಿದ್ದರು.
ಆಕಿ ಸಾಲಿಗಿ ಹೋದಾಕಿ ಅಲ್ಲ.
"ಮೊದಲ ಕಾಲು ಚಾಚು,
ಕೌದಿ ಆಮ್ಯಾಲ ಬರತದ."

ದೀಪಾವಳಿಗೊಂದು ಸಾಲು ಕೂಡಿ
ಕೌದಿ ನನ್ನ ಕೂಡೇ ಬೆಳೀತು, ಸೊಟ್ಟಸೊಟ್ಟ.
ಕಾಗಿಣಾ ಹೊಳಿ ಹೊಳ್ಳಿದಂಗ ಒಂದು ಮೂಲಿ ಹೊಳ್ಳೇದ.
ಹದಿನಾರಕ್ಕ ನಾ ನಿಂತೆ. ಉದ್ದ ನಿಂತಿತು.

ಆ ವರ್ಷದ ಸಾಲು ಕಾಲಿನ ಕಡಿ ಅಲ್ಲ, ಮಗ್ಗಲಿಗಿ.
ಟೇಲರನ ಚೂರಲ್ಲ, ಮಾವನ ಖಾಕಿ ಅಂಗಿ.
ಎಷ್ಟು ಒಗದರೂ ಕಾರ್ಖಾನಿ ಸಿಮೆಂಟು
ಹೊಲಿಗಿ ಸಂದ್ಯಾಗ ಕುಂತಿತ್ತು; ಎರಡು ಸೂಜಿ ಮುರದವು.
ತೋಳು ಕತ್ತರಿಸಿದಳು. ಕಾಲರ್ ಬಿಚ್ಚಿದಳು.
ಕಿಸೆಗೆ ಬಂದಾಗ ಕತ್ತರಿ ಕೆಳಗಿಟ್ಟು
ಚಾ ಕುಡದಳು.
ಮತ್ತ ಹಂಗೇ ಹೊಲದಳು, ಬಾಯಿ ತೆರದ ಕಿಸೆ,
ನನ್ನ ಬಲಗೈ ಬರೋ ಜಾಗದಾಗ.
ಯಾಕಂತ ನಾ ಕೇಳಲಿಲ್ಲ.
ಹುಣಸಿ ಬೀಜ, ಪರೀಕ್ಷಿ ಹಾಲ್ ಟಿಕೀಟು,
ಒಮ್ಮಿ ಒಂದು ಪತ್ರ,
ಎಲ್ಲಾ ಅದರಾಗೇ ಇಟ್ಟು ಮಲಗಿದೆ.

ಈಗ ಸೇಡಂನಾಗ ನನ್ನ ಮನಿ.
ನೆಟ್ಟಗ ಸೂಜಿ ಹಿಡಿಯಾಕ ಬರೂದಿಲ್ಲ ನನಗ;
ಹರಿದಲ್ಲಿ ಪಿನ್ನು ಹಾಕೀನಿ, ಆಕಿ ನೋಡಿದರ ಬೈತಾಳ.
ನಾಕು ವರ್ಷದ ಮಗಳು ಕತ್ತಲಾಗ ತಡಕಾಡಿ
ಕಿಸೆ ಹುಡುಕಿ ಕೈ ಇಡತಾಳ.
"ಏನದ ಒಳಗ?"
"ಏನೂ ಇಲ್ಲ" ಅಂತಾಳ, "ಬೆಚ್ಚಗದ."
ತೆಗಿ ಅಂದರ ಒಲ್ಲೆ ಅಂತಾಳ.
ಆಕಿ ಕಾಲು ಇನ್ನೂ
ಪೋಸ್ಟ್ ಮಾಸ್ತರನ ಪಟ್ಟಿ ತನಕಾನೂ ಮುಟ್ಟಿಲ್ಲ.